ಮನೆ ಬಾಗಿಲಿಗೆ ಬಂದ ಹವಾಮಾನ ಸರ್ವೆ: ಮೂರೂವರೆ ಸ್ಟಾರ್, ಊಟಕ್ಕೆ ಬೇರೆ ಐದು

ನಾನು ಮಿಕ್ಸಿಗೆ ವಿಮರ್ಶೆ ಬರೆದಿದ್ದೇನೆ, ಕುಕ್ಕರಿಗೆ ಬರೆದಿದ್ದೇನೆ, ಒಂದು ಮದುವೆ ಹಾಲ್‌ನ ಕೈ ತೊಳೆಯುವ ಜಾಗಕ್ಕೂ ಬರೆದಿದ್ದೇನೆ. ಹೀಗಿರುವಾಗ ನಮ್ಮ ಚಾವಡಿಯಲ್ಲಿ ಎರಡೂವರೆ ಗಂಟೆ ಕೂತು ಹೋದ ಸರ್ವೆಯವರನ್ನು ಬಿಟ್ಟರೆ ಹೇಗೆ? ಅವರು ಇನ್ನೂ ನಾಲ್ಕೈದು ಊರಿಗೆ ಹೋಗುತ್ತಾರಂತೆ. ಅಲ್ಲಿಯವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಹಾಕುವುದಿಲ್ಲ. ಬಂದ ಮಕ್ಕಳು ಒಳ್ಳೆಯವರು.

ನಮ್ಮ ಮನೆ ಹೆಬ್ರಿಯಿಂದ ಸೋಮೇಶ್ವರದ ಕಡೆ, ಘಟ್ಟದ ಬುಡದಲ್ಲಿ. ಒಂದು ಎಕ್ರೆ ಹತ್ತಿರ ಅಡಿಕೆ ತೋಟ, ಎರಡು ದನ. ತೋಟಕ್ಕೆ ತಾಗಿ ಕುಮ್ಕಿ, ಅಂದರೆ ಸೊಪ್ಪು ಸೌದೆಗೆ ಬಿಟ್ಟ ಸರ್ಕಾರದ ಜಾಗ, ಅದರಾಚೆ ಕಾಡು. ಕಾಡಂಚಿನ ಜನ ಹವಾಮಾನ ಬದಲಾವಣೆಗೆ ಹೇಗೆ ಹೊಂದಿಕೊಳ್ಳುತ್ತಿದ್ದಾರೆ ಅಂತ ತಿಳಿಯುವುದು ಇವರ ಕೆಲಸ. ಗಿಡಮರ ಅಳೆಯುವವರಲ್ಲ, ಜನರನ್ನು ಮಾತಾಡಿಸುವವರು. ಸಮಾಜ ವಿಜ್ಞಾನ ಅಂದರು. ನಮಗೆ ಖರ್ಚಿಲ್ಲ. ಆದರೆ ಅವರು ಮೊದಲ ಸಲ ಬಂದದ್ದು ಅಡಿಕೆ ಸುಲಿಯುವ ದಿನ. ನಮ್ಮ ಅರ್ಧ ದಿನ ಹೋಯಿತು. ಇದನ್ನು ಬಿಟ್ಟಿ ಸೇವೆ ಅಂತ ಯಾರೂ ತಿಳಿಯಬೇಡಿ.

ಮೂರು ಜನ ಬಂದರು. ಒಬ್ಬಳು ಕಾರ್ಕಳ ಕಡೆಯ ಹುಡುಗಿ, ಚೆಂದ ತುಳು ಮಾತಾಡುತ್ತಾಳೆ. ಉಳಿದ ಇಬ್ಬರು ಹೊರಗಿನವರು. ಮೊದಲು ಒಪ್ಪಿಗೆ ಪತ್ರ ಓದಿದರು. 'ತಮ್ಮ ಭಾಗವಹಿಸುವಿಕೆಯು ಸ್ವಯಂಪ್ರೇರಿತವಾಗಿರುತ್ತದೆ' ಅಂತ ಶುರು. ನನ್ನ ಅತ್ತೆ ಕೈ ಮುಗಿದರು, ಯಾವುದೋ ಮಂತ್ರ ಅಂತ. ಹುಡುಗಿ ತುಳುವಿನಲ್ಲಿ 'ಇಷ್ಟ ಇದ್ದರೆ ಹೇಳಿ, ಇಲ್ಲದಿದ್ದರೆ ಬೇಡ, ನಡುವೆ ಎದ್ದು ಹೋದರೂ ಬೇಜಾರಿಲ್ಲ' ಅಂದಳು. ಕಾಗದದಲ್ಲೂ ಹಾಗೇ ಬರೆಯಬಹುದಿತ್ತು ಅಲ್ವಾ?

ಆಮೇಲೆ ಕೇಳಿದರು, ಮನೆಯ ಯಜಮಾನರು ಯಾರು? ಜಾಗ ನನ್ನ ತಾಯಿಯ ಕಡೆಯಿಂದ ಬಂದದ್ದು. ನಮ್ಮದು ಅಳಿಯಕಟ್ಟಿನ ಊರು, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವುದು. ಆದರೂ ಎಲ್ಲರ ಕಣ್ಣು ನಮ್ಮವರ ಮೇಲೆ ಹೋಯಿತು, ಸರ್ವೆಯವರು ಉತ್ತರ ತುಂಬುವ ಫೋನಿನಲ್ಲಿ ಅವರ ಹೆಸರೇ ಏರಿತು. ಕಾಡಿನಿಂದ ಏನೇನು ತರುತ್ತೀರಿ ಅಂತ ಕೇಳಿದಾಗ ನಮ್ಮವರು 'ಸೌದೆ, ಸೊಪ್ಪು' ಅಂದು ಸುಮ್ಮನಾದರು. ಅವರು ಕಾಡಿಗೆ ಹೋಗಿ ಎಷ್ಟು ವರ್ಷ ಆಯಿತೋ. ನಾನು ಅಡುಗೆಮನೆಯಿಂದಲೇ ಕೂಗಿ ಹೇಳಿದೆ: ಪುನರ್ಪುಳಿ ಹಣ್ಣು, ಹುಳಿಗೆ ಉಪ್ಪಾಗೆ, ಎಳೆ ಬಿದಿರಿನ ಕಣಿಲೆ, ಗುಡುಗು ಬಂದ ಮೇಲೆ ಕಲ್ಲಣಬೆ, ಸೀಗೆ, ಅಂಟುವಾಳ. ಹುಡುಗಿ ಎದ್ದು ಒಲೆ ಹತ್ತಿರ ಬಂದು ಕೂತಳು. ನಿಜವಾದ ಸರ್ವೆ ಶುರುವಾದದ್ದು ಅಲ್ಲಿಂದ.

ಈಗ ಪ್ರಶ್ನೆಗಳ ಗುಣಮಟ್ಟ. ಕಳೆದ ಹತ್ತು ವರ್ಷದಲ್ಲಿ ಮಳೆ ಜಾಸ್ತಿಯಾಗಿದೆಯೇ, ಕಡಿಮೆಯಾಗಿದೆಯೇ, ಹಾಗೇ ಇದೆಯೇ? ಒಂದಕ್ಕೆ ಮಾತ್ರ ಗುರುತು ಹಾಕಬೇಕು. ಇದಕ್ಕೆ ನಾನು ಏನಂತ ಹೇಳಲಿ ಮಾರಾಯ್ರೆ? ಪತ್ತನಾಜೆಗೆ ಹತ್ತು ಹನಿ ಎನ್ನುವುದು ನಮ್ಮ ಹಳೆಯ ಲೆಕ್ಕ. ತುಳುವಿನ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸು. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ದಿನ. 2023ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ. ಇಲ್ಲಿ ನಾವು ಬಾವಿಗೆ ಇಣುಕುತ್ತಾ ಕೂತಿದ್ದೆವು. 2025ರಲ್ಲಿ ಮೇ 24ಕ್ಕೇ ಕೇರಳಕ್ಕೆ ಬಂದಾಗಿತ್ತು. ಹತ್ತು ಹನಿಯಲ್ಲ, ಕೊಡಪಾನದಲ್ಲಿ ಸುರಿದ ಹಾಗೆ. ವರ್ಷದ ಮಳೆ ಅಷ್ಟೇ ಇರಬಹುದು, ಬರುವ ದಿನ ಮತ್ತು ಬಿಡುವು ಕೊಡುವ ದಿನ ನಮ್ಮ ಕೈಗೆ ಸಿಗುವುದಿಲ್ಲ. ಅದಕ್ಕೆ ಗುರುತು ಹಾಕುವ ಜಾಗ ಫೋನಿನಲ್ಲಿ ಇರಲಿಲ್ಲ.

ದಿನ ತಪ್ಪಿದರೆ ಏನಾಗುತ್ತದೆ ಅಂತ ಪೇಟೆಯವರಿಗೆ ಹೇಳಬೇಕು. ಪುನರ್ಪುಳಿ ಹಣ್ಣಾಗುವುದು ಬೇಸಿಗೆಯ ಕೊನೆಗೆ. ಸಿಪ್ಪೆ ಒಣಗಲು ಬಿಸಿಲೇ ಬೇಕು. ಮಳೆ ಬೇಗ ಬಂದರೆ ಸಿಪ್ಪೆ ಬೂಸ್ಟು ಹಿಡಿದು ಗೊಬ್ಬರದ ಗುಂಡಿಗೆ. ಉಪ್ಪಾಗೆಯ ಕತೆ ಬೇರೆ. ಅದು ಹಣ್ಣಾಗುವುದೇ ಮಳೆಗಾಲದಲ್ಲಿ, ಹೇಗೂ ಒಲೆಯ ಮೇಲೆ ಒಣಗಿಸುವುದು, ರಾಶಿ ಸೌದೆ ಬೇಕು. ಇನ್ನು ಅಡಿಕೆಗೆ ಕೊಳೆರೋಗ. ಬಿಡದೆ ನೀರು ಹಿಡಿದರೆ ಬರುವ ಬೂಸ್ಟಿನ ರೋಗ ಅದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ, ಸುಮಾರು 40–45 ದಿನ ಬಿಟ್ಟು ಇನ್ನೊಮ್ಮೆ ಗೊನೆಗೆ ಬಿಡಬೇಕು. ಬಿಟ್ಟದ್ದು ಒಣಗಲು ಸ್ವಲ್ಪ ಬಿಸಿಲು ಬೇಕು. 2025ರಲ್ಲಿ ಮರ ಹತ್ತುವವರು ಸಿಗುವ ಮೊದಲೇ ಮಳೆ ಸಿಕ್ಕಿತು. ಮೂರು ಸಲ ಬಿಟ್ಟೆವು. ಆದರೂ ಅಂಗಳ ತುಂಬ ಉದುರಿದ ಹಸಿ ಅಡಿಕೆ.

ಅದಕ್ಕೆ ಫೋನಿನಲ್ಲಿ ಏನು ಬಿತ್ತು ಗೊತ್ತಾ? 'ಹೊಂದಾಣಿಕೆ ಕ್ರಮ: ಹೌದು.' ಎರಡು ಸಲದ ಕಡೆ ಮೂರು ಸಲ ಔಷಧಿ ಬಿಟ್ಟಿದ್ದೇವಲ್ಲ, ನಾವು ಹೊಂದಿಕೊಂಡವರಂತೆ! ಸೊಸೈಟಿಯಲ್ಲಿ ಸಾಲ ತೆಗೆದು ಬಿಟ್ಟದ್ದು ಮಾರಾಯ್ತಿ ಅಂದೆ. 'ಸಾಲ: ಹೌದು' ಅಂತ ಇನ್ನೊಂದು ಪ್ರಶ್ನೆಗೆ ಗುರುತು ಹಾಕಿದಳು. ಎರಡೂ ಬೇರೆ ಬೇರೆ ಪುಟ.

ಹೊಂದಾಣಿಕೆ ಎನ್ನುವ ಮಾತು ನನಗೆ ಹೊಸತಲ್ಲ. ಮದುವೆಯಾಗಿ ಗಂಡನ ಮನೆಗೆ ಹೊರಟ ದಿನ ಸಿಕ್ಕಸಿಕ್ಕವರೆಲ್ಲ ಹೇಳಿದ್ದು ಅದನ್ನೇ, 'ಹೊಂದಿಕೊಂಡು ಹೋಗು ಮಗ'. ಆ ಮನೆಯ ಯಾರಿಗೂ ಯಾರೂ ಆ ಮಾತು ಹೇಳಿದ್ದು ನಾನು ಕೇಳಲಿಲ್ಲ. ಇದನ್ನು ಹುಡುಗಿಗೆ ಹೇಳಿದಾಗ ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಪುಸ್ತಕ ತೆಗೆದು ಬರೆದುಕೊಂಡಳು. ಫೋನಿನಲ್ಲಿ ಅಲ್ಲ, ಪುಸ್ತಕದಲ್ಲಿ.

ಹೋಗುವಾಗ ಒಂದು ಕೊಡೆ ಕೊಟ್ಟರು. ಕೊಡೆಗೆ ಎರಡು ಸ್ಟಾರ್. ಘಟ್ಟದ ಬುಡದ ಮಳೆ ನೋಡಿದವರು ಆರಿಸಿದ ಕೊಡೆ ಅಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಒಂದೂವರೆ ಸ್ಟಾರ್ ಕೊಟ್ಟು ಸುಮ್ಮನಾಗುತ್ತಿದ್ದೆ. ಆದರೆ ಜನವರಿಯಲ್ಲಿ ಮತ್ತೆ ಬಂದರು. ಈ ಸಲ ಮೊದಲೇ ಫೋನ್ ಮಾಡಿ, ನಾವು ಹೇಳಿದ ದಿನಕ್ಕೆ. ಪ್ರಶ್ನೆ ಪತ್ರಿಕೆ ಇಲ್ಲ. ಎರಡು ಪ್ಯಾಕೆಟ್ ರಂಗೋಲಿ ಪುಡಿ. ಏಳೆಂಟು ಮನೆಯವರನ್ನು ನಮ್ಮ ಅಂಗಳಕ್ಕೆ ಕರೆದು, ನಿಮ್ಮ ಊರನ್ನು ನೀವೇ ಬಿಡಿಸಿ ಅಂದರು. ನೀರು ಹರಿಯುವ ತೋಡು, ಬಾವಿ, ಯಾರ ತೋಟ ಎಲ್ಲಿ, ದನ ಮೇಯುವ ದಾರಿ, ಕಾಡಿನ ಗಡಿಕಲ್ಲು. ಪಕ್ಕದ ಮನೆಯವರು ಗಡಿಯನ್ನು ಎರಡು ಗೇಣು ಈಚೆ ಎಳೆದರು. ನಮ್ಮವರು ಕಾಲಲ್ಲಿ ಅಳಿಸಿದರು. ಆ ಜಗಳವನ್ನೂ ಆ ಮಕ್ಕಳು ಬರೆದುಕೊಂಡರು. ಆಮೇಲೆ ದೊಡ್ಡ ಹಾಳೆಯ ಮೇಲೆ ವರ್ಷದ ಚಕ್ರ. ಜನವರಿ ಫೆಬ್ರವರಿ ಅಲ್ಲ. ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ. ಈ ತಿಂಗಳಲ್ಲಿ ಮೊದಲು ಏನು ಸಿಗುತ್ತಿತ್ತು, ಈಗ ಏನು? ನನ್ನ ಅತ್ತೆ ಎದ್ದು ನಿಂತು ಒಂದು ಗಂಟೆ ಮಾತಾಡಿದರು. ಮಂತ್ರಕ್ಕೆ ಕೈ ಮುಗಿದವರು ಇವರೇನಾ ಅಂತ ನನಗೇ ಆಶ್ಚರ್ಯ.

ಅಲ್ಲಿ ತೋಡಿನ ಕತೆ ಹೊರಗೆ ಬಂತು. ಮೊದಲು ಮಳೆ ಕಳೆದ ಮೇಲೆ ಎಲ್ಲ ಮನೆಯವರು ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ತೋಡಿಗೆ ಕಟ್ಟ ಕಟ್ಟುತ್ತಿದ್ದೆವು. ಯಾವ ದಿನ ಯಾರ ತೋಟಕ್ಕೆ ನೀರು ಅಂತ ಬಾಯಿಮಾತಿನ ಲೆಕ್ಕ ಇತ್ತು. ಹುಡುಗರು ಬೆಂಗಳೂರು, ಮುಂಬೈ, ದುಬೈ ಸೇರಿದರು. ಮಣ್ಣು ಹೊರುವವರಿಲ್ಲ, ಕಟ್ಟ ನಿಂತಿತು. ಮೇಲಿನ ಇಬ್ಬರು ಬೋರ್‌ವೆಲ್ ತೆಗೆದರು. ಕೆಳಗಿನವರ ಬಾವಿ ಸುಗ್ಗಿ ತಿಂಗಳಿಗೇ, ಅಂದರೆ ಮಾರ್ಚ್–ಏಪ್ರಿಲಿಗೇ, ತಳ ಕಂಡಿತು. ಒಬ್ಬರು ಹೊಂದಿಕೊಂಡದ್ದು ಇನ್ನೊಬ್ಬರ ಕುತ್ತಿಗೆಗೆ. ಇದಕ್ಕೆ ಓದಿದವರಲ್ಲಿ ಬೇರೆಯೇ ಹೆಸರಿದೆಯಂತೆ, 'ತಪ್ಪು ಹೊಂದಾಣಿಕೆ'. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2022ರ ವರದಿಯಲ್ಲೂ ಇದೆ ಅಂದಳು ಹುಡುಗಿ. ಕಾಡು, ನೀರಿನಂಥ ಎಲ್ಲರ ಸೊತ್ತನ್ನು ಬಳಸುವವರೇ ನಿಯಮ ಮಾಡಿಕೊಂಡು ಉಳಿಸಬಲ್ಲರು ಅಂತ ತೋರಿಸಿ ಎಲಿನಾರ್ ಓಸ್ಟ್ರಮ್ ಎಂಬ ಹೆಂಗಸು 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರಂತೆ. ಆ ವಿಷಯದಲ್ಲಿ ನೊಬೆಲ್ ಪಡೆದ ಮೊದಲ ಹೆಂಗಸು. ಅತ್ತೆ ಕೇಳಿದರು, 'ಅವರ ಊರಲ್ಲೂ ಕಟ್ಟ ಇತ್ತಾ?'

ಮಾರ್ಚ್‌ನಲ್ಲಿ ಉಡುಪಿಯಲ್ಲಿ ಸಭೆ. ಬಸ್ ಚಾರ್ಜ್ ಕೊಟ್ಟರು. ಪೆರ್ಡೂರು, ಹಿರಿಯಡ್ಕ, ಪರ್ಕಳ ದಾಟಿ ಹಾಲ್ ಮುಟ್ಟುವಾಗ ಹತ್ತೂವರೆ. ಪರದೆಯ ಮೇಲೆ ಎಲ್ಲ ಇಂಗ್ಲಿಷ್. ಬಾಣದ ಗುರುತು, ಬಣ್ಣದ ವೃತ್ತ. ನಮ್ಮ ಊರು ಒಂದು ಹಳದಿ ಚುಕ್ಕಿ. ಇದಕ್ಕೆ ಒಂದು ಸ್ಟಾರ್, ಅದೂ ಫ್ಯಾನಿಗೆ.

ಆಗ ಈದು ಕಡೆಯ ಮಲೆಕುಡಿಯ ಬುಡಕಟ್ಟಿನ ಹೆಂಗಸೊಬ್ಬರು ಎದ್ದರು. 'ಬೇಸಿಗೆಗೆ ಬಾವಿ ಆಳ ಮಾಡಿ, ಮರ ನೆಡಿ ಅಂತ ಬರೆದಿದ್ದೀರಿ. ಯಾವ ಜಾಗದಲ್ಲಿ? ನಮ್ಮ ಹಕ್ಕಿನ ಅರ್ಜಿ ಇನ್ನೂ ಕವರಿನಲ್ಲೇ ಇದೆ.' ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. 2005ರ ಡಿಸೆಂಬರ್ 13ಕ್ಕೆ ಮೊದಲೇ ಸ್ವಾಧೀನದಲ್ಲಿದ್ದ ಜಾಗಕ್ಕೆ, 4 ಹೆಕ್ಟೇರ್ ಮೀರದ ಹಾಗೆ, ಬುಡಕಟ್ಟಿನವರಿಗೆ ಹಕ್ಕು. ಉಳಿದವರಾದರೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದದ್ದಕ್ಕೆ ಪುರಾವೆ ತೋರಿಸಬೇಕು. ನಮ್ಮ ಕುಮ್ಕಿಯ ಕತೆಯೂ ದೂರದ ನೆಂಟನೇ. ನಮ್ಮ ಹೆಸರಿಗಿರುವ ವರ್ಗದ ಜಾಗದಿಂದ 100 ಗಜದೊಳಗೆ ಸೊಪ್ಪು ಸೌದೆ ತರಬಹುದು, ಜಾಗ ಮಾತ್ರ ಸರ್ಕಾರದ್ದು. ಅಲ್ಲಿ ಇಂಗುಗುಂಡಿ ತೋಡಲು ನಮ್ಮವರು ಹತ್ತು ವರ್ಷದಿಂದ ಹಾರೆ ಎತ್ತುತ್ತಾರೆ, ಇಳಿಸುತ್ತಾರೆ.

ವೇದಿಕೆಯ ಮೇಲಿದ್ದವರು 'ಅದು ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ' ಅಂದರು. ಹಾಲ್ ತಣ್ಣಗಾಯಿತು. ಕಾಡಂಚಿನವರನ್ನು ಕೂರಿಸಿಕೊಂಡು ಕಾಲ ಕೆಳಗಿನ ಜಾಗ ವ್ಯಾಪ್ತಿಗೆ ಬರುವುದಿಲ್ಲ ಅಂದರೆ ಮತ್ತೆ ಏನು ಬರುತ್ತದೆ? ನನ್ನ ಒಂದೂವರೆ ಸ್ಟಾರ್ ಕಡಿತಕ್ಕೆ ಮುಖ್ಯ ಕಾರಣ ಇದೇ. ಊಟ ಮಾತ್ರ ಚೆನ್ನಾಗಿತ್ತು. ಬಾಳೆ ಎಲೆ, ಮಟ್ಟುಗುಳ್ಳದ ಹುಳಿ, ಹಯಗ್ರೀವ. ಬಡಿಸುವವರು ಎರಡನೇ ಸಲ ಕೇಳದೆಯೇ ಹಾಕಿದರು.

ಇವರು ನಿಮ್ಮ ಊರಿಗೆ ಬಂದರೆ ಓಡಿಸಬೇಡಿ. ಅಡಿಕೆ ಸುಲಿಯುವಾಗ ಬೇಡ, ಮೊದಲೇ ದಿನ ಹೇಳಿ ಅನ್ನಿ. ರೆಕಾರ್ಡ್ ಮಾಡಿದ್ದನ್ನು ಯಾರು ಕೇಳುತ್ತಾರೆ ಅಂತ ವಿಚಾರಿಸಿ. ಗಂಡಸರು ಚಾವಡಿಯಲ್ಲಿ ಉತ್ತರ ಕೊಡುತ್ತಿದ್ದರೆ ಒಲೆ ಆರಿಸಿ ಹೋಗಿ ಕೂತುಕೊಳ್ಳಿ. ರಂಗೋಲಿಯ ದಿನಕ್ಕೆ ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ.

ಹೋದ ವಾರ ಹುಡುಗಿ ಬಸ್ಸಿನಲ್ಲಿ ಒಂದು ಲಕೋಟೆ ಕಳಿಸಿದ್ದಾಳೆ. ನಮ್ಮ ಊರಿನದ್ದೇ ವರದಿ, ಎರಡು ಪುಟ, ಕನ್ನಡದಲ್ಲಿ. ಅಂಗಳದ ರಂಗೋಲಿಯ ನಕ್ಷೆ ಇದೆ. ತಿಂಗಳುಗಳ ಹೆಸರು ತುಳುವಿನದ್ದೇ. ಕೊನೆಗೆ ಒಂದು ಹೊಸ ಸಾಲು ಸೇರಿದೆ, 'ಜಾಗದ ದಾಖಲೆಯ ಸ್ಥಿತಿ'. ಇದನ್ನು ನೋಡಿಯೇ ಮೂರಿದ್ದದ್ದು ಮೂರೂವರೆ ಆದದ್ದು. ಮೇಲೆ ಮಾಹಿತಿ ಕೊಟ್ಟವರು ಎಂಬ ಕಡೆ ಇನ್ನೂ ನಮ್ಮವರ ಹೆಸರೇ. ಪೆನ್ನಿನಲ್ಲಿ ಗೀಟು ಎಳೆದು, ನನ್ನದೂ ಅತ್ತೆಯದ್ದೂ ಬರೆದು, ನಾಳೆಯ ಬಸ್ಸಿಗೆ ವಾಪಸ್ ಕಳಿಸುತ್ತಿದ್ದೇನೆ.