ಹೆದರೋ ಬೆಕ್ಕಿನ ಮರಿನ ದವಾಖಾನೆಗೆ ಒಯ್ಯೋಕೆ ಯಾವುದು ಒಳ್ಳೇದು: ಜಿಪ್ ಬ್ಯಾಗು, ಗುಮ್ಮಟದ ಬ್ಯಾಕ್‌ಪ್ಯಾಕು, ಪ್ಲಾಸ್ಟಿಕ್ ಕ್ಯಾರಿಯರು, ಎಲ್ಲಾ ಬಳಸಿ ನೋಡಿದ್ಮೇಲೆ

ಮೊದಲೇ ಹೇಳಿಬಿಡ್ತೀನಿ, ನನ್ನ ವೋಟು ಮೇಲಿನ ಅರ್ಧ ಪೂರ್ತಿ ಬಿಚ್ಚಿ ತೆಗೆಯೋಕೆ ಬರೋ ಗಟ್ಟಿ ಪ್ಲಾಸ್ಟಿಕ್ ಕ್ಯಾರಿಯರ್‌ಗೆ. ಮೊದಲು ಜಿಪ್ ಇರೋ ಬಟ್ಟೆ ಬ್ಯಾಗ್‌ಗೆ 850 ರೂಪಾಯಿ ಕೊಟ್ಟೆ, ಆಮೇಲೆ ಇದಕ್ಕೆ 2,100 ಕೊಟ್ಟೆ. ಮೊದಲೇ ಇದನ್ನ ತಗೊಂಡಿದ್ರೆ 850 ಉಳೀತಿತ್ತು, ಅದು ಹೋಗಲಿ, ಆ ಮರಿಗೆ ಅಷ್ಟು ಹೆದರಿಕೆ ಆಗ್ತಿರಲಿಲ್ಲವಲ್ಲ ಅನ್ನೋದು ಇವತ್ತಿಗೂ ಮನಸ್ಸಲ್ಲಿ ಕೊರೀತಿದೆ, ಅದಕ್ಕೇ ಬರೀತಿದ್ದೀನಿ.

ಮರಿ ಹೆಸರು ಎಳ್ಳು. ಬಿಳಿ ಮೈ, ಮೂಗಿನ ಮೇಲೆ ಒಂದೇ ಒಂದು ಎಳ್ಳು ಕಾಳಿನಷ್ಟು ಕರಿ ಚುಕ್ಕಿ. ಪುಣೆಯ ವಾರ್ಜೆ ಕಡೆ ಒಂದು ಸೊಸೈಟಿ ಪಾರ್ಕಿಂಗಲ್ಲಿ ಜುಲೈ ಮಳೇಲಿ ನೆನೀತಾ ಸಿಕ್ಕಿತ್ತಂತೆ, ಅಲ್ಲಿನವರೊಬ್ರು ಮೂರು ವಾರ ಸಾಕಿ ನಮಗೆ ಕೊಟ್ರು, ನಮ್ಮ ಧಾಯರಿ ಮನೆಗೆ ಬಂದಾಗ ಸುಮಾರು ಹತ್ತು ವಾರದ್ದು. ಮರಿಗಳು ಎರಡರಿಂದ ಏಳು ವಾರದೊಳಗೆ ಮನುಷ್ಯರ ಕೈ ಕಂಡಿದ್ರೆ ಬೇಗ ಹೊಂದ್ಕೊಳ್ತವೆ, ಇವಳು ಆ ವಯಸ್ಸನ್ನೆಲ್ಲಾ ಯಾರದೋ ಕಾರಿನ ಕೆಳಗೆ ಕಳೆದುಬಿಟ್ಟಿದ್ಲು. ಮೊದಲ ಐದು ದಿನ ಫ್ರಿಡ್ಜ್ ಹಿಂದೆಯೇ ವಾಸ. ರಾತ್ರಿ ನಾವು ಲೈಟ್ ಆರಿಸಿದ್ಮೇಲೆ ಬಂದು ತಿಂದು ಹೋಗೋದು, ಬೆಳಿಗ್ಗೆ ಖಾಲಿ ತಟ್ಟೆ ನೋಡಿ ನಮಗೆ ಸಮಾಧಾನ. ಇಂಥ ಮರಿನ ದವಾಖಾನೆಗೆ ಒಯ್ಯದೆ ಇರೋಕಾಗುತ್ತಾ ಅಂದ್ರೆ ಆಗಲ್ಲ. ಮೂರು ರೋಗಕ್ಕೆ ಸೇರಿಸಿ ಕೊಡೋ ಟ್ರೈಕ್ಯಾಟ್ ಲಸಿಕೆ ಇದೆಯಲ್ಲ, ಅದನ್ನ ಆರೆಂಟು ವಾರಕ್ಕೇ ಶುರು ಮಾಡಿ ಮೂರ್ನಾಲ್ಕು ವಾರಕ್ಕೊಂದ್ಸಲ ಹದಿನಾರು ವಾರ ತುಂಬೋವರೆಗೂ ಕೊಡಬೇಕು, ಹನ್ನೆರಡು ವಾರ ಆದ್ಮೇಲೆ ರೇಬೀಸ್‌ದು ಬೇರೆ, ಜಂತುಹುಳದ ಔಷಧ ಬೇರೆ. ಅಂದ್ರೆ ಒಂದ್ಸಲ ಹೆಂಗೋ ಹಿಡ್ಕೊಂಡು ಹೋಗಿ ಬಂದ್ರೆ ಮುಗೀತು ಅನ್ನೋ ಹಾಗಿಲ್ಲ, ನಾಲ್ಕೈದು ಸಲ ಹೋಗಲೇಬೇಕು, ಮೊದಲನೇ ಸಲ ಆದ ಹೆದರಿಕೆ ಎರಡನೇ ಸಲಕ್ಕೆ ದುಪ್ಪಟ್ಟಾಗಿ ಕಾಯ್ತಾ ಇರುತ್ತೆ.

ಗದಗಿಂದ ಅವ್ವ ಫೋನಲ್ಲಿ, "ಅದಕ್ಯಾಕ ಅಷ್ಟು ರೊಕ್ಕ ಹಾಕ್ತಿ, ಕಾಯಿಪಲ್ಲೆ ಬುಟ್ಟ್ಯಾಗ ಕುಂದರಿಸಿ ಮ್ಯಾಲ ಅರಿವಿ ಕಟ್ಟು, ಕತ್ತಲಾದ್ರ ಸುಮ್ನ ಕುಂದರ್ತದ" ಅಂದ್ಲು. ಬುಟ್ಟಿ ನಾನು ಬಳಸಲಿಲ್ಲ, ಪುಣೆ ಟ್ರಾಫಿಕ್ಕಲ್ಲಿ ಗಂಟು ಸಡಿಲಾದ್ರೆ ಮರಿ ಸಿಗಲ್ಲ. ಆದ್ರೆ ಕತ್ತಲ ಮಾತು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಜಿಪ್ ಬ್ಯಾಗು. ನೋಡೋಕೆ ಚಂದ, ಹಗುರ, ಮಡಚಿ ಕಪಾಟಲ್ಲಿ ಇಡಬಹುದು, ಎರಡೂ ಕಡೆ ಜಾಳಿಗೆ ಇದೆ ಗಾಳಿ ಆಡುತ್ತೆ, ರಿವ್ಯೂ ಎಲ್ಲಾ ಚೆನ್ನಾಗೇ ಇತ್ತು. ಕೆಟ್ಟಿದ್ದೆಲ್ಲಾ ಜಿಪ್ಪಲ್ಲಿ. ಬಾಗಿಲಿನ ಜಿಪ್‌ಗೆ ಹಿಡಿದು ಎಳೆಯೋ ಕೊಂಡಿ ಎರಡಿರ್ತವೆ, ಎರಡೂ ಬಂದು ಒಂದು ಮೂಲೇಲಿ ಸೇರ್ತವೆ. ಹೊರಗಡೆಯಿಂದ ನಮಗೆ ಮುಚ್ಚಿದ ಹಾಗೆ ಕಾಣುತ್ತೆ, ಒಳಗಡೆಯಿಂದ ಮರಿಗೆ ಅಲ್ಲೊಂದು ಕಿರುಬೆರಳಿನಷ್ಟು ಸಂದು ಕಾಣುತ್ತೆ, ಬೆಳಕೂ ಅಲ್ಲಿಂದಾನೇ ಬರುತ್ತೆ. ಹೆದರಿದ ಮರಿ ಮೊದಲು ಹುಡುಕೋದೇ ಅದನ್ನ. ಮೂಗು ತೂರಿಸುತ್ತೆ, ಆಮೇಲೆ ಹಣೆ, ಹಣೆ ಒತ್ತಿದ ಹಾಗೆಲ್ಲಾ ಎರಡೂ ಕೊಂಡಿ ತಾವಾಗೇ ಹಿಂದೆ ಸರೀತವೆ, ಸದ್ದೂ ಬರಲ್ಲ. ತಲೆ ತೂರಿತು ಅಂದ್ರೆ ಮೈ ತೂರೋಕೆ ಬೆಕ್ಕಿಗೆ ಹೊತ್ತೇ ಬೇಡ.

ನಮಗಾಗಿದ್ದೂ ಅದೇ. ಸಿಂಹಗಡ ರೋಡಲ್ಲಿ ಆಟೋದಲ್ಲಿ ಹೋಗ್ತಿದ್ವಿ, ಬ್ಯಾಗು ನನ್ನ ತೊಡೆ ಮೇಲೆ, ನಾನು ಮೇಲಿನ ಜಾಳಿಗೆಯಿಂದ ಒಳಗೆ ನೋಡ್ತಾ ಇದ್ದೀನಿ, ಪಕ್ಕದ ಮೂಲೆ ನನ್ನ ಕೈ ಕೆಳಗೇ ಇದೆ ಅಂತ ಗಮನಾನೇ ಇಲ್ಲ. ರಾಜಾರಾಮ್ ಪುಲ್ ಹತ್ರ ಸಿಗ್ನಲ್ ಬಿತ್ತು, ಹಿಂದೆ ಬಸ್ಸಿನವನು ಹಾರ್ನ್ ಹೊಡೆದ, ತೊಡೆ ಮೇಲೆ ಬ್ಯಾಗ್ ಒಮ್ಮೆಲೇ ಹಗುರಾಯ್ತು. ಆ ಹಗುರ ನನಗೆ ಈಗಲೂ ಕೈಯಲ್ಲಿದೆ. ಎಳ್ಳು ಸೀಟಿಂದ ಕೆಳಗೆ ಹಾರಿ ಡ್ರೈವರ್ ಸೀಟಿನ ಅಡಿಯಿಂದ ಮುಂದೆ ಹೋಗಿ ಬ್ರೇಕ್ ಪೆಡಲ್ ಹತ್ರ ಕೂತುಬಿಟ್ಲು. ಎರಡೂ ಕಡೆ ಬೈಕುಗಳು, ಆಟೋಗೆ ಬಾಗಿಲಿಲ್ಲ, ಒಂದು ಹೆಜ್ಜೆ ಆಕಡೆ ಇಟ್ರೆ ರೋಡು. ನಾನು ಗಾಬರೀಲಿ "ಎಳ್ಳೂ, ಬಾ, ಹೆದರಬ್ಯಾಡ ಬಾ" ಅಂತಿದ್ದೀನಿ, ಅಷ್ಟರಲ್ಲಿ ಡ್ರೈವರ್ ತಿರುಗದೇನೇ ಮೆತ್ತಗೆ, "ಅಕ್ಕಾರ, ನೀವು ಅಲುಗಾಡಬ್ಯಾಡ್ರಿ, ನನ್ನ ಕಾಲ ಹತ್ರ ಐತ್ರಿ, ನಾ ಹಿಡೀತೀನಿ" ಅಂದ್ರು. ವಿಜಯಪುರ ಜಿಲ್ಲೆ ಇಂಡಿ ಕಡೆಯವರಂತೆ. ಗಾಡಿ ಆಫ್ ಮಾಡಿದ್ರು, ಸಿಗ್ನಲ್ ಹಸಿರಾಗಿ ಹಿಂದಿನವರೆಲ್ಲಾ ಕೂಗ್ತಿದ್ರೂ ಅವಸರ ಮಾಡಲಿಲ್ಲ, ಹೆಗಲ ಮೇಲಿದ್ದ ಟವೆಲ್ ತೆಗೆದು ನಿಧಾನಕ್ಕೆ ಅವಳ ಮೇಲೆ ಇಳಿಬಿಟ್ಟು, ಟವೆಲ್ ಸಮೇತ ಎತ್ತಿ ನನ್ನ ಕೈಗೆ ಕೊಟ್ರು. ಟವೆಲ್ ಒಳಗೆ ಅವಳ ಎದೆ ಎಷ್ಟು ಜೋರಾಗಿ ಹೊಡ್ಕೋತಿತ್ತು ಅಂದ್ರೆ ನನ್ನ ಅಂಗೈಗೆ ಬಡೀತಿತ್ತು. ಆ ಟವೆಲ್ ವಾಪಸ್ ಬೇಡ ಅಂದ್ರು, ಅದು ಈಗಲೂ ನಮ್ಮನೇಲಿದೆ.

ಜಿಪ್ ಬ್ಯಾಗೇ ಇರೋರು ಒಂದು ಕೆಲಸ ಮಾಡಿ: ಎರಡೂ ಕೊಂಡಿಗಳ ತೂತಿಗೆ ಸೇರಿಸಿ ಒಂದು ಕೀ ರಿಂಗ್ ಹಾಕಿ. ನನ್ನ ಬ್ಯಾಗಿನ ಕೊಂಡಿಗಳಿಗೆ ತೂತೇ ಇರಲಿಲ್ಲ, ಬರೀ ಬಟ್ಟೆ ಪಟ್ಟಿ. ಅದಕ್ಕೆ ಸೇಫ್ಟಿ ಪಿನ್ ಚುಚ್ಚಿ ಎರಡನೇ ಸಲ ಒಯ್ದೆ, ದಾರೀಲಿ ತೊಂದರೆ ಆಗಲಿಲ್ಲ.

ಆದ್ರೆ ದವಾಖಾನೆಯಲ್ಲಿ ಆಯ್ತು. ಬ್ಯಾಗಿನ ಬಾಗಿಲು ಸಣ್ಣದು, ಪಕ್ಕದಲ್ಲಿ, ಅವಳು ಹಿಂದಿನ ಮೂಲೇಲಿ ಅಂಟಿಕೊಂಡಿದ್ಲು, ಡಾಕ್ಟರ್ ಕೈ ಹಾಕಿ ಎಳೆದ್ರೆ ಉಗುರೆಲ್ಲಾ ಜಾಳಿಗೆಗೆ ಸಿಕ್ಕಿಹಾಕ್ಕೊಂಡು ಒಂದೊಂದೇ ಬಿಡಿಸಬೇಕಾಯ್ತು. ಅಷ್ಟರಲ್ಲಿ ಉಚ್ಚೆ ಹೊಯ್ದುಕೊಂಡ್ಲು, ಬಟ್ಟೆ ಬ್ಯಾಗು ಹೀರಿಕೊಳ್ತು, ವಾಪಸ್ ಅದೇ ಒದ್ದೆ ಬ್ಯಾಗಲ್ಲೇ ಮನೆಗೆ. ಮನೆಗೆ ಬಂದ್ಮೇಲೆ ಒಂದೂವರೆ ದಿನ ಫ್ರಿಡ್ಜ್ ಹಿಂದಿಂದ ಹೊರಗೆ ಬರಲಿಲ್ಲ. ಇಂಜೆಕ್ಷನ್‌ಗೆ ಅವಳು ಕಿಕ್ ಅಂತಲೂ ಅಂದಿರಲಿಲ್ಲ. ಅವಳಿಗೆ ಸಂಕಟ ಆಗಿದ್ದು ಸೂಜಿಯಿಂದಲ್ಲ, ಬಚ್ಚಿಟ್ಟುಕೊಂಡ ಜಾಗದಿಂದ ಎಳೆದು ತೆಗೆದಿದ್ದರಿಂದ. ಇದು ಅರ್ಥ ಆದ್ಮೇಲೆ ನಾನು ಯಾವ ಕ್ಯಾರಿಯರ್ ನೋಡಿದ್ರೂ ಮೊದಲು ಕೇಳ್ತಿದ್ದದ್ದು ಒಂದೇ, ಇದರಿಂದ ಮರಿನ ಎಳೀದೆ ಹೆಂಗೆ ತೆಗೀತಾರೆ ಅಂತ.

ಗುಮ್ಮಟದ ಬ್ಯಾಕ್‌ಪ್ಯಾಕು, ಅದೇ ಆ ಪಾರದರ್ಶಕ ಅರ್ಧಗೋಲ ಇರೋದು, ಮೇಲಿನ ಮನೆಯವರದ್ದು ಒಂದು ಸಲಕ್ಕೆ ಅಂತ ತಗೊಂಡೆ. ಸ್ಕೂಟರ್ ಓಡಿಸೋರಿಗೆ ಎರಡೂ ಕೈ ಖಾಲಿ, ಅದೊಂದು ಅನುಕೂಲ ನಿಜ. ಆದ್ರೆ ಹೆದರೋ ಮರಿಗೆ ಅಡಗೋಕೆ ಜಾಗ ಬೇಕು, ಇದರಲ್ಲಿ ಸುತ್ತ ಊರೆಲ್ಲಾ ಅವಳನ್ನ ನೋಡ್ತಿರುತ್ತೆ, ಮತ್ತೆ ಬೆನ್ನ ಹಿಂದೆ ಇರೋದ್ರಿಂದ ಒಳಗೆ ಏನಾಗ್ತಿದೆ ಅಂತ ನಮಗೇ ಕಾಣಲ್ಲ. ಮಳೆಗಾಲದಲ್ಲೇ ಇಪ್ಪತ್ತು ನಿಮಿಷಕ್ಕೆ ಗುಮ್ಮಟದ ಒಳಗೆ ಉಸಿರಿನ ಹಬೆ ಕಟ್ಟಿತ್ತು, ಏಪ್ರಿಲ್ ಮೇನಲ್ಲಿ ಪುಣೆ ನಲವತ್ತು ಡಿಗ್ರಿ ಮುಟ್ಟುತ್ತೆ, ಆ ಬಿಸಿಲಲ್ಲಿ ಸಿಗ್ನಲ್ ಹತ್ರ ನಿಂತ್ರೆ ಒಳಗೆ ಏನಾಗಬಹುದು ನೀವೇ ಯೋಚಿಸಿ. ನಾಯಿ ಬಾಯಿ ತೆರೆದು ಏದುಸಿರು ಬಿಟ್ರೆ ಮಾಮೂಲು, ಬೆಕ್ಕು ಬಿಟ್ರೆ ಮಾಮೂಲಲ್ಲ, ಹೆದರಿಕೆ ಇಲ್ಲಾ ಸೆಕೆ ಮಿತಿ ಮೀರಿದೆ ಅಂತ. ವಾಪಸ್ ಕೊಟ್ಟುಬಿಟ್ಟೆ.

ಡಾಕ್ಟರನ್ನ ಮನೆಗೇ ಕರೆಸೋದು ಒಳ್ಳೇದಲ್ವಾ ಅಂತ ಕೇಳಬಹುದು. ಒಂದ್ಸಲ ಕರೆಸಿದ್ವಿ, ಔಷಧ ಬಿಟ್ಟು ಬರೀ ಬಂದದ್ದಕ್ಕೇ 1,000 ರೂಪಾಯಿ. ಬಂದವರು ಒಳ್ಳೆಯವರೇ, ಆದ್ರೆ ಅವಳು ದಿವಾನದ ಅಡಿ ಸೇರಿದ್ಲು, ಮೂರು ಜನ ಮಂಡಿಯೂರಿ ತೆಗೆದ್ವಿ, ಆಮೇಲೆ ಎರಡು ವಾರ ಬೆಲ್ ಹೊಡೆದ್ರೆ ಸಾಕು ಓಡಿ ಹೋಗೋಳು. ಮನೆ ಅವಳಿಗಿರೋ ಒಂದೇ ಒಂದು ಭದ್ರವಾದ ಜಾಗ, ಅದಕ್ಕೂ ಹೆದರಿಕೆ ತಂದು ಸೇರಿಸಬಾರದಿತ್ತು ಅನ್ನಿಸ್ತು. ಮನುಷ್ಯರಿಗೆ ಒಗ್ಗಿರೋ ದೊಡ್ಡ ಬೆಕ್ಕಿಗೆ ಬೇಕಾದ್ರೆ ಸರಿ.

ಈಗ ಪ್ಲಾಸ್ಟಿಕ್ ಕ್ಯಾರಿಯರು. ಮೇಲರ್ಧ ಕೆಳಅರ್ಧ ಬೇರೆ ಬೇರೆ, ನಡುವೆ ಆರು ಕ್ಲಿಪ್, ಮುಂದೆ ತಂತಿ ಬಾಗಿಲು. ಮೂರನೇ ಡೋಸ್‌ಗೆ ಇದರಲ್ಲಿ ಒಯ್ದೆ. ಡಾಕ್ಟರ್ ನೋಡಿ, "ಹಾಂ, ಇದು ಇದ್ರೆ ನನಗೂ ಸುಲಭ" ಅಂದವರೇ ಕ್ಲಿಪ್ ಬಿಚ್ಚಿ ಮೇಲಿನರ್ಧ ಎತ್ತಿಟ್ರು, ಎತ್ತೋವಾಗಲೇ ಒಂದು ಟವೆಲ್ ಅವಳ ಮೇಲೆ ಸರಿಸಿದ್ರು, ಅವಳು ಕೆಳಗಿನ ಅರ್ಧದಲ್ಲಿ ತನ್ನದೇ ಹಾಸಿಗೆ ಮೇಲೆ ಕೂತ ಹಾಗೇ ಕೂತಿದ್ಲು, ತಲೆ ಟವೆಲ್ ಒಳಗೆ. ಜ್ವರ ನೋಡಿದ್ದು, ಕಿವಿ ನೋಡಿದ್ದು, ಚರ್ಮದಡಿ ಲಸಿಕೆ ಕೊಟ್ಟಿದ್ದು ಎಲ್ಲಾ ಅಲ್ಲೇ. ಕತ್ತು ಹಿಡಿದು ಎತ್ತಲಿಲ್ಲ. ತೂಕನೂ ಕ್ಯಾರಿಯರ್ ಸಮೇತ ಹಾಕಿ ಆಮೇಲೆ ಖಾಲಿ ಕ್ಯಾರಿಯರ್ ತೂಕ ಕಳೆದ್ರು, ಒಂದು ಕೇಜಿ ಏಳುನೂರು ಗ್ರಾಂ. ಕತ್ತಲಾದ್ರೆ ಸುಮ್ಮನೆ ಕೂರುತ್ತೆ ಅಂತ ಅವ್ವ ಗದಗಲ್ಲಿ ಕೂತು ಹೇಳಿದ್ದು ಇದೇ. ಮನೆಗೆ ಬಂದು ಬಾಗಿಲು ತೆಗೆದಿಟ್ಟೆ, ಇಪ್ಪತ್ತು ನಿಮಿಷಕ್ಕೆ ಹೊರಗೆ ಬಂದು ತಟ್ಟೆ ನೆಕ್ಕಿದ್ಲು.

ಕೊರತೆ ಇಲ್ವಾ ಅಂದ್ರೆ ಇದೆ. ಜಾಗ ತಿನ್ನುತ್ತೆ, ಒನ್ ಬಿಎಚ್‌ಕೆಯಲ್ಲಿ ಅದನ್ನ ಬಚ್ಚಿಡೋಕೆ ಆಗಲ್ಲ. ಸ್ಕೂಟರ್ ಮುಂದೆ ಕಾಲಿಡೋ ಜಾಗದಲ್ಲಿ ಅಡ್ಡ ಕೂರುತ್ತೆ, ತಿರುವಲ್ಲಿ ಭಯ, ನಾನು ಆಟೋದಲ್ಲೇ ಹೋಗ್ತೀನಿ. ಕ್ಲಿಪ್ಪುಗಳು ಟಪ್ ಅಂತ ಸದ್ದು ಮಾಡ್ತವೆ, ಆ ಸದ್ದಿಗೆ ಅವಳು ಬೆಚ್ಚುತ್ತಾಳೆ ಅಂತ ಗೊತ್ತಾದ್ಮೇಲೆ ಬೆರಳಿಂದ ಒತ್ತಿ ಹಿಡ್ಕೊಂಡು ಬಿಚ್ಚಿ ಅಂತ ಡಾಕ್ಟರ್‌ಗೆ ಮೊದಲೇ ಹೇಳ್ತೀನಿ. ಕೊಂಡು ತಂದ ದಿನಾನೇ ಒಂದು ಪರೀಕ್ಷೆ ಮಾಡಿ, ಮನೇಲಿರೋ ಐದು ಕೇಜಿ ಜೋಳದ ಚೀಲ ಒಳಗಿಟ್ಟು ಹಿಡಿಕೆ ಹಿಡಿದು ಎತ್ತಿ ಮನೆ ತುಂಬಾ ಓಡಾಡಿ, ಎರಡೂ ಅರ್ಧದ ನಡುವೆ ಸಂದು ಬಿಟ್ರೆ ಅವತ್ತೇ ವಾಪಸ್ ಮಾಡಿ. ಹಂಗೂ ಬೆಕ್ಕು ಒಳಗಿದ್ದಾಗ ನಾನು ಹಿಡಿಕೆ ಹಿಡಿದು ತೂಗಾಡಿಸ್ಕೊಂಡು ಹೋಗಲ್ಲ, ತಳಕ್ಕೆ ಕೈ ಕೊಟ್ಟು ಎದೆಗಾನಿಸಿಕೊಳ್ತೀನಿ.

ಜಾಗ ತಿನ್ನುತ್ತೆ ಅಂದ್ನಲ್ಲ, ಅದೇ ಲಾಭ ಆಯ್ತು. ಕಪಾಟಿಗೆ ಹಾಕೋಕೆ ಆಗದೆ ಹಾಲಲ್ಲೇ ದಿವಾನದ ಪಕ್ಕ ಇಟ್ವಿ. ಮೊದಲ ನಾಲ್ಕು ದಿನ ಮೇಲಿನರ್ಧ ತೆಗೆದು ಬರೀ ತಟ್ಟೆ ಥರ, ಒಳಗೆ ಆ ಡ್ರೈವರ್ ಕೊಟ್ಟ ಟವೆಲ್, ಅದರ ಮೇಲೆ ಬೇಯಿಸಿದ ಕೋಳಿ ನಾಲ್ಕೆಳೆ. ಆಮೇಲೆ ಮೇಲಿನರ್ಧ ಹಾಕಿದ್ವಿ, ಬಾಗಿಲು ಹಾಕಲಿಲ್ಲ. ಒಂಬತ್ತನೇ ದಿನ ಮಧ್ಯಾಹ್ನ ನಾನು ಆಫೀಸ್ ಕಾಲಲ್ಲಿದ್ದೆ, ನೋಡ್ತೀನಿ, ಒಳಗೆ ಮಲಗಿದ್ದಾಳೆ, ಒಂದು ಹಿಂಗಾಲು ಹೊರಗೆ ಚಾಚ್ಕೊಂಡು. ಅಷ್ಟು ದಿನದಲ್ಲಿ ಅವಳು ಕಾಲು ಚಾಚಿ ಮಲಗಿದ್ದು ಅದೇ ಮೊದಲು. ಕಾಲ್ ಮ್ಯೂಟ್ ಮಾಡಿ ಅತ್ತುಬಿಟ್ಟೆ. ಬಟ್ಟೆ ಬ್ಯಾಗನ್ನೂ ಹೀಗೆ ಇಡಬಹುದಿತ್ತಲ್ಲ ಅನ್ನಬೇಡಿ, ಇಟ್ಟು ನೋಡಿದೀನಿ, ಅದರ ಮೇಲ್ಛಾವಣಿ ಕುಸಿದು ಬೆನ್ನಿಗೆ ತಾಗುತ್ತೆ, ತಾಗಿದ ಕೂಡಲೇ ಹೊರಗೆ ಓಡ್ತಾಳೆ.

ಯಾವುದರಲ್ಲಿ ಒಯ್ದ್ರೂ ದವಾಖಾನೆಯಲ್ಲಿ ನೆಲದ ಮೇಲೆ ಇಡಬೇಡಿ, ನಾಯಿಗಳ ಮೂಗು ಸರಿಯಾಗಿ ಅದೇ ಎತ್ತರಕ್ಕೆ ಬರುತ್ತೆ. ತೊಡೆ ಮೇಲೆ ಇಲ್ಲಾ ಕುರ್ಚಿ ಮೇಲೆ, ಬಾಗಿಲು ನಮ್ಮ ಹೊಟ್ಟೆ ಕಡೆ, ಮೇಲೆ ಟವೆಲ್. ನಾನು ಫೋನ್ ಮಾಡಿ ಮಧ್ಯಾಹ್ನದ ಮೊದಲ ನಂಬರ್ ಕೇಳ್ತೀನಿ, ಆಗ ಗದ್ದಲ ಕಮ್ಮಿ. ಹೊರಡೋ ಮುಂಚೆ ಹೊಟ್ಟೆ ಬಿರಿಯ ತಿನ್ನಿಸಲ್ಲ, ಹಾಗಂತ ಸಣ್ಣ ಮರಿನ ತುಂಬಾ ಹೊತ್ತು ಉಪವಾಸ ಇಡೋದೂ ತಪ್ಪು.

ದುಡ್ಡಿನ ವಿಷಯ: ನಮ್ಮನೇಲಿ ಕಾರಿಲ್ಲ, ತಿಂಗಳಿಗೆ ಬೆಕ್ಕಿಗೆ ಅಂತ ಎರಡು ಸಾವಿರ ತೆಗೆದಿಡ್ತೀವಿ, ಕ್ಯಾರಿಯರ್‌ಗೆ ಒಂದಿಡೀ ತಿಂಗಳದ್ದು ಹೋಯ್ತು. ಎರಡು ಸಲ ಮನೆಗೆ ಡಾಕ್ಟರ್ ಕರೆಸೋ ಖರ್ಚು ಅಷ್ಟೇ ಆಗುತ್ತೆ ಅಂತ ಲೆಕ್ಕ ಹಾಕಿದ್ರೆ ದುಬಾರಿ ಅನ್ನಿಸಲಿಲ್ಲ. ದೊಡ್ಡವಳಾದ್ಮೇಲೂ ಸಾಲಬೇಕು ಅಂತ ನಾಲ್ಕು ಕೇಜಿ ಬೆಕ್ಕು ನಿಂತು ತಿರುಗೋ ಅಷ್ಟು ಸೈಜ್ ತಗೊಂಡೆ, ಈಗ ಖಾಲಿ ಜಾಗಕ್ಕೆ ಇನ್ನೊಂದು ಟವೆಲ್ ಸುತ್ತಿ ಇಟ್ಟಿದೀನಿ. ದಿನಾ ಸ್ಕೂಟರಲ್ಲೇ ಓಡಾಡೋರು, ಮರಿ ಅಂಥ ಹೆದರೋದಲ್ಲ ಅನ್ನೋರು, ಜಿಪ್ ಕೊಂಡಿಗೆ ತೂತು ಇರೋ, ಮೇಲಿಂದಾನೂ ತೆರೆಯೋ ಬಟ್ಟೆ ಬ್ಯಾಗ್ ನೋಡಬಹುದು, ನಾನಂತೂ ಎಳ್ಳುನ ಅದರಲ್ಲಿ ಮತ್ತೆ ಕೂರಿಸಲ್ಲ.

ರೇಬೀಸ್ ಡೋಸ್ ಬರೋ ಶನಿವಾರ ಇದೆ. ಆ ಇಂಡಿ ಕಡೆ ಡ್ರೈವರ್ ನಂಬರ್ ಇಸ್ಕೊಂಡಿದ್ದೆ, ಅವರಿಗೇ ಹೇಳಿದೀನಿ. "ಹೊಸಾ ಡಬ್ಬಿ ತಂದೀರಿಲ್ರೀ ಅಕ್ಕಾರ?" ಅಂತ ಮೊದಲು ಅದನ್ನೇ ಕೇಳಿದ್ರು.