ಪಾಯಿಂಟ್ ತಿರುಗಿಸಲು ಎಸ್‌ಜಿ-90 ಸರ್ವೊ: ಬಹುಕಾಲ ಬಳಸಿದ ಮೇಲೆ

ಎಚ್‌ಒ ಅಳತೆಯ (1:87) ಮಾದರಿ ರೈಲಿನ ಲೇಔಟಿನಲ್ಲಿ ಪಾಯಿಂಟ್, ಅಂದರೆ ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗ, ತಿರುಗಿಸಲು ನೂರು–ನೂರೈವತ್ತು ರೂಪಾಯಿಯ ಈ 9 ಗ್ರಾಂ ಸರ್ವೊ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರ್) ಧಾರಾಳವಾಗಿ ಸಾಕು. ಕೆಡುವುದು ಹೆಚ್ಚಾಗಿ ಜೋಡಣೆಯಲ್ಲಿ.

ಕಾಯಿಲ್ ಮೋಟಾರಿನ ಹಾಗೆ ಪಟ್ಟನೆ ಬಡಿಯದೆ, ಟಂಗ್ ರೈಲನ್ನು (ಪಾಯಿಂಟಿನಲ್ಲಿ ಅತ್ತಿತ್ತ ಸರಿಯುವ ಮೊನಚು ಹಳಿ) ನಿಧಾನಕ್ಕೆ ಸರಿಸುತ್ತದೆ. ಪೀಕೊ ಕಂಪನಿಯ ಪಾಯಿಂಟ್ ಆದರೆ ಒಳಗಿನ ಸ್ಪ್ರಿಂಗ್ ತೆಗೆದುಬಿಡಿ. ಇದ್ದರೆ ಅರ್ಧ ದಾರಿಯಲ್ಲಿ ಟಕ್ಕೆಂದು ಎಗರುತ್ತದೆ, ನಿಧಾನದ ಸೊಗಸೇ ಹೋಗುತ್ತದೆ.

ಥ್ರೋಬಾರ್ (ಟಂಗ್ ರೈಲುಗಳನ್ನು ಕೂಡಿಸುವ ಅಡ್ಡಪಟ್ಟಿ) ಕೆಳಗೆ 12 ಮಿ.ಮೀ. ಪ್ಲೈವುಡ್‌ಗೆ 8 ಮಿ.ಮೀ. ತೂತು, ಅಡಿಯಲ್ಲಿ ಸರ್ವೊ, ಅದರ ಹಾರ್ನಿಗೆ (ತಿರುಗುವ ತೋಳು) 0.8 ಮಿ.ಮೀ. ಪಿಯಾನೊ ತಂತಿ. ಕೈಗೆ ಸಿಕ್ಕಿತೆಂದು ಸೈಕಲ್ ಕಡ್ಡಿ ಹಾಕಬೇಡಿ. ತಂತಿ ಸ್ವಲ್ಪ ಬಾಗಲೇಬೇಕು: ಟಂಗ್ ರೈಲು ಸ್ಟಾಕ್ ರೈಲಿಗೆ (ಪಕ್ಕದ ಅಲುಗದ ಹಳಿ) ಕೂತ ಮೇಲೆ ಇನ್ನೆರಡು ಡಿಗ್ರಿ ತಿರುಗಿಸಿದರೆ ಆ ಬಾಗೇ ಒತ್ತಿ ಹಿಡಿಯುತ್ತದೆ. ಬಾಗದಿದ್ದರೆ ಸರ್ವೊ ಹೇಳಿದ ಕೋನ ಮುಟ್ಟಲಾಗದೆ ಒತ್ತುತ್ತಲೇ ಇರುತ್ತದೆ. ಗುಂಯ್ ಸದ್ದು, ಬಿಸಿ, ಕೊನೆಗೆ ಪ್ಲಾಸ್ಟಿಕ್ ಗೇರಿನ ಹಲ್ಲು ಢಮಾರ್. ಲೋಹದ ಗೇರಿನ ಎಂಜಿ-90ಎಸ್ ಹಾಕಿದರೆ ಹಲ್ಲು ಉಳಿಯಬಹುದು, ಥ್ರೋಬಾರ್ ಮುರಿಯುತ್ತದೆ! ತಿರುಗಿ ಅರ್ಧ ಸೆಕೆಂಡಾದ ಮೇಲೆ ಸರ್ವೊಗೆ ಕಳಿಸುವ ಸಿಗ್ನಲ್ ನಿಲ್ಲಿಸಿ. ಗೇರಿನ ಬಿಗಿಯೇ ಸಾಕು.

ಡಬಲ್ ಸೈಡ್ ಟೇಪ್ ಮೈಸೂರಿನ ಏಪ್ರಿಲ್ ಸೆಖೆಗೆ ಜಾರುತ್ತದೆ. ಅಲ್ಯೂಮಿನಿಯಂ ಎಲ್-ಆಂಗಲ್ ತುಂಡು, ಉದ್ದ ತೂತು, ಎರಡು ಸ್ಕ್ರೂ ಸಾಕು. ಮಳೆಗಾಲದಲ್ಲಿ ಪ್ಲೈವುಡ್ ಉಬ್ಬಿ, ಬೇಸಿಗೆಯಲ್ಲಿ ಹೊಂದಿಸಿದ ಕೋನ ತಪ್ಪುತ್ತದೆ. ಹಾಗಾಗಿ ಕೋನಗಳನ್ನು ಪ್ರೋಗ್ರಾಮಿನೊಳಗೆ ಬರೆದಿಡದೆ ಸರ್ವೊ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೊದ ಇಇಪ್ರಾಮ್‌ನಲ್ಲಿಡಿ (ಕರೆಂಟ್ ಹೋದರೂ ಅಳಿಯದ ಮೆಮೊರಿ). ಬಟನ್ ಒತ್ತಿ ತಿದ್ದಬಹುದು.

ಕರೆಂಟ್ ಹೋಗಿ ಬಂದಾಗ ಸರ್ವೊ ಒಮ್ಮೆ ಬೆಚ್ಚಿಬೀಳುತ್ತದೆ, ಪಾಯಿಂಟ್ ಮೇಲೆ ವ್ಯಾಗನ್ ಇದ್ದರೆ ಹಳಿ ತಪ್ಪಿತು. ಮದ್ದು: ಆರ್ಡುಯಿನೊ ಎದ್ದು ಹಳೆಯ ಕೋನ ಕಳಿಸಲು ತೊಡಗಿದ ಮೇಲಷ್ಟೇ ರಿಲೇ ಮೂಲಕ ಸರ್ವೊಗೆ 5 ವೋಲ್ಟ್ ಕೊಡುವುದು. ಆ 5 ವೋಲ್ಟ್ ಬೋರ್ಡಿನ ಪಿನ್ನಿಂದ ಬೇಡ. ಸಿಕ್ಕಿಬಿದ್ದ ಒಂದೇ ಸರ್ವೊ 600–700 ಮಿಲಿಆಂಪ್ ಎಳೆದು ಬೋರ್ಡನ್ನೇ ರೀಸೆಟ್ ಮಾಡುತ್ತದೆ. ಬೇರೆ 2 ಆಂಪ್ ಅಡಾಪ್ಟರ್ ಹಾಕಿ, ಗ್ರೌಂಡ್ ಮಾತ್ರ ಒಂದುಮಾಡಿ, ಸರ್ವೊಗಳನ್ನು ಒಂದಾದ ಮೇಲೊಂದರಂತೆ ತಿರುಗಿಸಿ.

ಲೋಹದ ಫ್ರಾಗ್ (ಪಾಯಿಂಟಿನಲ್ಲಿ ಹಳಿಗಳು ಒಂದನ್ನೊಂದು ದಾಟುವ ಜಾಗ) ಇದ್ದರೆ ಅದರ ಕರೆಂಟ್ ಬದಲಿಸಲು ಮೈಕ್ರೊ ಸ್ವಿಚ್ ಬೇಕೇ ಬೇಕು. ಸ್ವಿಚ್ ನಡುದಾರಿಯಲ್ಲಿ ಬದಲಾಗಬೇಕು. ಟಂಗ್ ರೈಲು ಬಿಡುವ ಮೊದಲೇ ಬದಲಾದರೆ ಶಾರ್ಟ್.

ಹತ್ತು ಬೇಕಿದ್ದರೆ ಹನ್ನೆರಡು ಕೊಳ್ಳಿ. ಹಾರ್ನ್ ಹಾಕದೆ 1.5 ಮಿಲಿಸೆಕೆಂಡ್ ಸಿಗ್ನಲ್ (ನಡುಕೋನದ್ದು) ಕೊಟ್ಟಾಗ ನಡುಗುವುದನ್ನು ಪಕ್ಕಕ್ಕಿಡಿ, ಸಿಗ್ನಲ್ ಕೈಮರಕ್ಕಾದರೂ ಆಗುತ್ತದೆ.