ರಸಮಂಜರಿ ವೇದಿಕೆಗೆ ಅತಿಥಿ ವಾದಕರನ್ನು ಹತ್ತಿಸುವ ಮುನ್ನ

ಗಣೇಶನ ಹಬ್ಬ ಬಂತೆಂದರೆ ಕೋಲಾರ, ಬಂಗಾರಪೇಟೆ, ಮುಳಬಾಗಿಲು ಕಡೆಯ ವಾದ್ಯಗೋಷ್ಠಿ ತಂಡಗಳಿಗೆ ಕೈತುಂಬ ಕೆಲಸ. ಅದರ ಜೊತೆಯಲ್ಲೇ "ನಮ್ಮ ಹುಡುಗನೂ ಒಂದು ಹಾಡಿಗೆ ನಿಮ್ಮೊಂದಿಗೆ ನುಡಿಸಲಿ ಸ್ವಾಮಿ" ಎಂಬ ಬೇಡಿಕೆಯೂ ತಪ್ಪದೆ ಬರುತ್ತದೆ. ಬಂಗಾರಪೇಟೆ ತಾಲ್ಲೂಕಿನ ಒಂದು ಊರಿನಲ್ಲಿ ಇಂಥದೇ ಬೇಡಿಕೆಯನ್ನು ಸಮಿತಿಯವರು ಕಾರ್ಯಕ್ರಮದ ನಡುವೆ ಮುಂದಿಟ್ಟು, ಬೇಡವೆಂದರೂ ಕೇಳದೆ ಒತ್ತಾಯಿಸಿದ್ದರಿಂದ ಒಬ್ಬ ಯುವಕನ ಜೀವಕ್ಕೇ ಸಂಚಕಾರ ಬರುವುದರಲ್ಲಿತ್ತು. ಆ ಯುವಕ ಕೆಟ್ಟದಾಗಿ ನುಡಿಸಿದನೆಂಬುದು ನನ್ನ ದೂರಲ್ಲ. ಅವನ ಕೈಯಲ್ಲಿ ನಿಜವಾಗಿಯೂ ವಿದ್ಯೆಯಿತ್ತು. ತೊಂದರೆ ಇದ್ದದ್ದು ಏನನ್ನೂ ವಿಚಾರಿಸದೆ ಅವನನ್ನು ವೇದಿಕೆಗೆ ಹತ್ತಿಸಿದ ರೀತಿಯಲ್ಲಿ.

ಮೊದಲು ಶ್ರುತಿಯ ಮಾತು. ನಾವು ಡಿ ಶ್ರುತಿಯಲ್ಲಿ ಅಭ್ಯಾಸ ಮಾಡಿದ್ದ ಹಾಡನ್ನು ಅತಿಥಿ ಸಿ ಶಾರ್ಪ್‌ನಲ್ಲಿ ಹಾಡಿಕೊಂಡು ನುಡಿಸುತ್ತೇನೆಂದರು. ಕೀಬೋರ್ಡಿನವರಿಗೆ ಟ್ರಾನ್ಸ್‌ಪೋಸ್ ಗುಂಡಿಯನ್ನು ಒಮ್ಮೆ ಒತ್ತಿದರೆ ಮುಗಿಯಿತು, ಆದರೆ ಕೊಳಲಿನವರು ಬೇರೆ ಕೊಳಲನ್ನೇ ಹುಡುಕಬೇಕು, ನಾನು ಸುತ್ತಿಗೆ ಹಿಡಿದು ತಬಲಾದ ಗಟ್ಟೆಗಳನ್ನು ಒಂದೊಂದಾಗಿ ಮೇಲಕ್ಕೆ ತಟ್ಟಿ ಅರ್ಧ ಸ್ವರ ಇಳಿಸಬೇಕು. ಅಷ್ಟರಲ್ಲಿ ಪಲ್ಲವಿ ಮುಗಿದು ಚರಣ ಬಂದಿರುತ್ತದೆ. ಇದು ಕೇಳುಗರ ಕಿವಿಗೆ ಆಗುವ ಹಿಂಸೆ ಮಾತ್ರ, ಮುಂದಿನದು ಹಾಗಲ್ಲ.

ಅತಿಥಿ ತಮ್ಮ ಎಲೆಕ್ಟ್ರಿಕ್ ಗಿಟಾರಿನ ಜೊತೆಗೆ ಸ್ವಂತ ಆಂಪ್ಲಿಫೈಯರನ್ನೂ ತಂದಿದ್ದರು. ನಮ್ಮ ಧ್ವನಿವರ್ಧಕವೆಲ್ಲ ಜನರೇಟರಿನಲ್ಲಿ ನಡೆಯುತ್ತಿತ್ತು. ಸಮಿತಿಯ ಹುಡುಗರು ಯಾರನ್ನೂ ಕೇಳದೆ, ಪಕ್ಕದ ಮನೆಯಿಂದ ಜಂಕ್ಷನ್ ಬಾಕ್ಸ್ ಎಳೆದು ಆ ಆಂಪ್ಲಿಫೈಯರಿಗೆ ಕರೆಂಟು ಕೊಟ್ಟರು. ಆಮೇಲೆ ನೋಡಿದರೆ ಆ ಬಾಕ್ಸಿನ ಪ್ಲಗ್ಗಿಗೆ ಎರಡೇ ಪಿನ್ನು. ಅರ್ಥಿಂಗಿನ ಮೂರನೆಯ ಪಿನ್ನು ಯಾವಾಗಲೋ ಮುರಿದು ಹೋಗಿತ್ತು. ಗಿಟಾರಿನ ಲೋಹದ ತಂತಿಗಳು ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ಲೋಹದ ಕವಚಕ್ಕೆ ಸೇರಿರುತ್ತವೆ. ಆ ಕವಚಕ್ಕೆ ಅರ್ಥಿಂಗ್ ಇಲ್ಲದೆ ಒಳಗೆ ವಿದ್ಯುತ್ ಸೋರಿದರೆ ತಂತಿಗಳಿಗೂ ವಿದ್ಯುತ್ ಏರುತ್ತದೆ. ಮೈಕಿನ ಜಾಲರಿಯಾದರೋ, ಮೈಕು-ವಾದ್ಯಗಳ ಸದ್ದನ್ನೆಲ್ಲ ಕೂಡಿಸುವ ಮಿಕ್ಸರಿನ ಮೂಲಕ ಭೂಮಿಗೆ ಸೇರಿರುತ್ತದೆ. ತಂತಿಯ ಮೇಲೆ ಕೈಯಿಟ್ಟುಕೊಂಡು ಹಾಡಲು ಮೈಕಿಗೆ ತುಟಿ ತಾಗಿಸಿದವನ ದೇಹವೇ ಇವೆರಡರ ನಡುವಿನ ದಾರಿಯಾಗುತ್ತದೆ. ನಮ್ಮ ಅತಿಥಿಗೆ ಆದದ್ದು ಅದೇ. ತುಟಿ ತಾಗಿದ ಕ್ಷಣವೇ ತಲೆ ಹಿಂದಕ್ಕೆ ಚಿಮ್ಮಿ, ಗಿಟಾರಿನ ಸಮೇತ ಹಿಂದಿದ್ದ ಸ್ಪೀಕರಿಗೆ ಒರಗಿ ಬಿದ್ದರು. ಕೈ ತಂತಿಗೆ ಕಚ್ಚಿಕೊಳ್ಳದೆ ಬಿಟ್ಟುಕೊಂಡದ್ದು ಅವರ ಪುಣ್ಯ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ 'ಸ್ಟೋನ್ ದ ಕ್ರೋಸ್' ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಅರ್ಥಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣ ಬಿಟ್ಟರು. ಅವರು ಅತಿಥಿಯಾಗಿರಲಿಲ್ಲ, ತಮ್ಮದೇ ತಂಡದ ಜೊತೆಗಿದ್ದರು.

ಇಷ್ಟಾದರೂ ಸಮಿತಿಯವರಿಗೆ ಬುದ್ಧಿ ಬರಲಿಲ್ಲ. ಹುಡುಗ ಎದ್ದು ಕೂತು ನೀರು ಕುಡಿದದ್ದೇ ತಡ, ಅವರಲ್ಲೊಬ್ಬರು ಗಿಟಾರಿನ ಜಾಕನ್ನು ತಾವೇ ತಂದು ನಮ್ಮ ಮಿಕ್ಸರಿಗೆ ಚುಚ್ಚಿದರು. ಆ ಚಾನೆಲ್, ಅಂದರೆ ಮಿಕ್ಸರಿಗೆ ಸದ್ದು ಒಳಬರುವ ದಾರಿ, ತೆರೆದೇ ಇತ್ತು. ಢಪ್ಪೆಂಬ ಸದ್ದಿನ ಹಿಂದೆಯೇ ಎದ್ದ ಗುಂಯ್‌ಗುಡುವಿಕೆಗೆ ಬಾಡಿಗೆ ಸ್ಪೀಕರಿನ ಹಾರ್ನಿನ ಡಯಾಫ್ರಮ್ (ಕಂಪಿಸಿ ಸದ್ದು ಹೊರಡಿಸುವ ತೆಳು ಪೊರೆ) ಸುಟ್ಟುಹೋಯಿತು. ಶಬ್ದಮಾಲಿನ್ಯ ನಿಯಂತ್ರಣದ 2000ದ ನಿಯಮಗಳ ಪ್ರಕಾರ ರಾತ್ರಿ 10 ಗಂಟೆಯ ನಂತರ ಧ್ವನಿವರ್ಧಕ ಬಳಸುವಂತಿಲ್ಲ. ವಿಶೇಷ ವಿನಾಯಿತಿ ನಮಗಿರಲಿಲ್ಲವಾದ್ದರಿಂದ, ಈ ಗಲಾಟೆಯಲ್ಲಿ ಕಳೆದ ಸಮಯವನ್ನು ಹಿಂದಕ್ಕೆ ಪಡೆಯಲಾಗದೆ, ಜನ ಕೇಳಿದ್ದ ತೆಲುಗು ಹಾಡುಗಳನ್ನೂ ಹಾಡದೆ ಮುಗಿಸಿದೆವು. ಕೊನೆಗೆ "ನಿಮ್ಮ ಮೈಕೇ ನಮ್ಮ ಹುಡುಗನಿಗೆ ಶಾಕ್ ಹೊಡೆಯಿತು, ಹಾಡೂ ಕಡಿಮೆಯಾಯಿತು" ಎಂದು ಸಂಭಾವನೆಯಲ್ಲಿ ಕತ್ತರಿ ಹಾಕಿದರು. ಹಾರ್ನಿನ ರಿಪೇರಿಯ ಹಣವೂ ನಮ್ಮ ತಲೆಗೇ ಬಂತು.

ಆದ್ದರಿಂದ ತಂಡ ನಡೆಸುವವರು ಅಡ್ವಾನ್ಸ್ ಪಡೆಯುವಾಗಲೇ ಅತಿಥಿ ಯಾರು, ಯಾವ ಹಾಡು, ಯಾವ ಶ್ರುತಿ ಎಂಬುದನ್ನು ಬರೆಸಿಕೊಳ್ಳಿ. ಅತಿಥಿಯ ಯಾವ ಉಪಕರಣವಾದರೂ ವೇದಿಕೆಯ ವಿದ್ಯುತ್ ಮೂಲದಿಂದಲೇ, ಸೌಂಡ್ ಸಿಸ್ಟಂನವರ ಕೈಯಿಂದಲೇ, ಚಾನೆಲ್ ಮ್ಯೂಟ್ ಮಾಡಿದ ಮೇಲೆಯೇ ಜೋಡಣೆಯಾಗಬೇಕು. ಗಿಟಾರಿನ ತಂತಿಗೂ ಮೈಕಿನ ಜಾಲರಿಗೂ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಮುಟ್ಟಿಸಿ ಎ.ಸಿ. ವೋಲ್ಟೇಜ್ ನೋಡಲು ಅರ್ಧ ನಿಮಿಷ ಸಾಕು; ಹತ್ತಾರು ವೋಲ್ಟ್ ತೋರಿಸಿದರೆ ಸಮಿತಿಯ ಅಧ್ಯಕ್ಷರೇ ಬಂದು ನಿಂತರೂ ನುಡಿಸಲು ಬಿಡಬೇಡಿ. ಗುಂಯ್ ಸದ್ದು ನಿಲ್ಲಲೆಂದು ಅರ್ಥಿಂಗ್ ಪಿನ್ನನ್ನು ಮುರಿಯುವ ಚಾಳಿ ನಮ್ಮ ಕಡೆಯ ಕೆಲವು ಸೌಂಡ್‌ನವರಲ್ಲೂ ಇದೆ. ಆ ಸದ್ದಿಗೆ ಗ್ರೌಂಡ್ ಲಿಫ್ಟ್ (ಸಿಗ್ನಲ್ ಕೇಬಲ್ಲಿನ ಭೂಸಂಪರ್ಕವನ್ನಷ್ಟೇ ಬಿಡಿಸುವ ಗುಂಡಿ) ಇರುವ ಡಿ.ಐ. ಬಾಕ್ಸ್, ಅಂದರೆ ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಪೆಟ್ಟಿಗೆ, ಬಳಸಬೇಕೇ ಹೊರತು ಪಿನ್ನಿನ ತಂಟೆಗೆ ಹೋಗಬಾರದು. ನಮ್ಮ ತಂಡವಂತೂ ಈಗ ಸ್ವಂತ ಆಂಪ್ಲಿಫೈಯರ್ ತರುವ ಅತಿಥಿಗಳನ್ನು ಒಪ್ಪುವುದಿಲ್ಲ. ಈ ಷರತ್ತಿಗೆ ಮುಖ ಸಿಂಡರಿಸಿದ ಮಾಲೂರು ಕಡೆಯ ಒಂದು ಕಾರ್ಯಕ್ರಮವನ್ನು ಬಿಟ್ಟೂ ಬಿಟ್ಟೆವು.